210 ಪೇಪರಿನ ಗೈಡ್ ಬೇಕೋ, 24 ಪೇಪರಿನವರೋ?

ಗದಗ ಜಿಲ್ಲೆಯ ಓದುಗರೊಬ್ಬರ ಪತ್ರ, ಸ್ವಲ್ಪ ಮೊಟಕು ಮಾಡಿ:

"ಸರ್, ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮಗಳು ಧಾರವಾಡದಲ್ಲಿ ಮನೋವಿಜ್ಞಾನದ ಎಂ.ಎ. ಮುಗಿಸಿದಳು, ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಸರಕಾರಿ ಫೆಲೋಶಿಪ್) ಕೂಡ ಆಯಿತು. ಮಿದುಳಿನ ಭಾಗಗಳು ಒಂದಕ್ಕೊಂದು ಹೇಗೆ ಜೋಡಿಕೊಂಡಿವೆ ಎನ್ನುವುದರ ಮೇಲೆ (ಅವಳು 'ಬ್ರೇನ್ ಕನೆಕ್ಟಿವಿಟಿ' ಅನ್ನುತ್ತಾಳೆ) ಪಿಎಚ್.ಡಿ. ಮಾಡುವ ಆಸೆ. ಇಬ್ಬರು ಗೈಡ್ ಒಪ್ಪಿದ್ದಾರೆ. ಒಬ್ಬರು ಬೆಂಗಳೂರಿನ ದೊಡ್ಡ ಲ್ಯಾಬಿನವರು, ಗೂಗಲ್ ಸ್ಕಾಲರಿನಲ್ಲಿ 210 ಪೇಪರ್ (ಪ್ರಕಟವಾದ ಸಂಶೋಧನಾ ಲೇಖನ), ಎಚ್-ಇಂಡೆಕ್ಸ್ (ಪೇಪರುಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರ ಅಳತೆ) 41. ಇನ್ನೊಬ್ಬರು ನಮ್ಮ ಕಡೆಯವರೇ, ವಯಸ್ಸು ಕಡಿಮೆ, 24 ಪೇಪರ್, ಎಚ್-ಇಂಡೆಕ್ಸ್ 11. ಅವಳ ಸೋದರಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು. 'ಇದರಾಗ ವಿಚಾರ ಮಾಡೂದೇನೈತ್ರಿ ಮಾವಾರ, 210 ಎಲ್ಲಿ 24 ಎಲ್ಲಿ' ಅಂತಾರೆ. ಮಗಳಿಗೆ ಎರಡನೆಯವರ ಕಡೆ ಮನಸ್ಸಿದೆ, ಯಾಕೆ ಅಂದರೆ ಹೇಳಲು ಬರುತ್ತಿಲ್ಲ. ಇದರ ನಡುವೆ ಪರಿಚಯದ ಲೆಕ್ಚರರ್ ಒಬ್ಬರು 'ಈ ಕನೆಕ್ಟಿವಿಟಿ ಸಂಶೋಧನೆ ಅರ್ಧಕ್ಕರ್ಧ ಸುಳ್ಳು ಅಂತ ಆಗಲೇ ಸಾಬೀತಾಗಿದೆ, ಅದಕ್ಕೆ ಕೈ ಹಾಕಬೇಡ' ಎಂದು ಹೆದರಿಸಿದ್ದಾರೆ. ಮತ್ತೊಬ್ಬರು 18,000 ರೂಪಾಯಿ ಕೊಟ್ಟರೆ ಸೇರುವ ಮೊದಲೇ ಒಂದು ಪೇಪರ್ 'ಮಾಡಿಸಿ ಕೊಡುತ್ತೇನೆ' ಅನ್ನುತ್ತಿದ್ದಾರೆ. ಎರಡು ವಾರದಲ್ಲಿ ಸಂದರ್ಶನ. ಏನು ಮಾಡಲಿ?"

ಮೊದಲು ಸುಲಭದ್ದನ್ನು ಮುಗಿಸೋಣ. 18,000 ರೂಪಾಯಿಯ ಮಾತನ್ನು ಇವತ್ತೇ ಕಡಿದು ಹಾಕಿ. ಆ ಹಣವನ್ನು ಬೇರೆ ಯಾವುದಕ್ಕೆ ಹಾಕಬಹುದು ಎಂದು ಕೊನೆಯಲ್ಲಿ ಹೇಳುತ್ತೇನೆ.

ಉಳಿದದ್ದು ಅಷ್ಟು ಸುಲಭವಿಲ್ಲ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಎಂಆರ್‌ಐ ಸ್ಕ್ಯಾನರಿನ ಪಕ್ಕದ ರೂಮಿನಲ್ಲಿ ಕಳೆದವನು. ಗೈಡ್ ಆಗಿದ್ದೇನೆ, ಆಯ್ಕೆ ಸಮಿತಿಗಳಲ್ಲಿ ಕೂತಿದ್ದೇನೆ. ಪೇಪರಿನ ಪಟ್ಟಿ ಎದುರಿಗೆ ಬಂದಾಗ ನಾವೂ ಮೊದಲು ನೋಡುವುದು ಕೆಳಗಿನ ಒಟ್ಟು ಸಂಖ್ಯೆಯನ್ನೇ. ಹಾಗಾಗಿ ಮಗಳ ಸೋದರಮಾವನವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರಿಗೆ ಒಂದು ಮಾತು ಕೇಳಿ. ಹಾವೇರಿ ಕಡೆಯ ರೈತ ಚೀಲ ತಂದು ಇಳಿಸಿದಾಗ ಅವರು ತಕ್ಕಡಿ ನೋಡಿಯೇ ದರ ಹೇಳುತ್ತಾರೇನು? ಚೀಲದ ಬಾಯಿಯ ಕಾಯಿ ಬಿಟ್ಟು ನಡುವಿನಿಂದ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಸುಕ್ಕು ನೋಡಿ, ಕಾಯಿ ಮುರಿದು ಬೀಜ ನೋಡಿ, ಕೈಗೆ ತೇವ ಹತ್ತಿತೋ ಎಂದು ಪರೀಕ್ಷೆ ಮಾಡುವುದಿಲ್ಲವೇ? ತೇವ ಇದ್ದ ಕಾಯಿ ತೂಕ ಜಾಸ್ತಿ ಬರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪೇಪರಿನ ಪಟ್ಟಿಗೂ ತೇವ ಹತ್ತುತ್ತದೆ. ಈ ಕನೆಕ್ಟಿವಿಟಿ ವಿಷಯದಲ್ಲಂತೂ ಬಹಳ ಸುಲಭವಾಗಿ ಹತ್ತುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಕೆಲಸ ಹೇಗೆ ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ನೋಡಬೇಕು. ನೀವು ಗಣಿತದವರು, ಬೇಗ ಹಿಡಿಯುತ್ತೀರಿ.

ಎಂಆರ್‌ಐ ಯಂತ್ರ ಮಿದುಳಿನೊಳಗಿನ ತಂತಿಗಳನ್ನು ನೇರವಾಗಿ ತೋರಿಸುತ್ತದೆ ಎಂಬ ಕಲ್ಪನೆ ಬಹಳ ಜನರಲ್ಲಿದೆ. ನಿಮ್ಮ ಮಗಳು ಮಾಡಹೊರಟ ಕೆಲಸದ ಮಟ್ಟಿಗೆ ಅದು ತಪ್ಪು. ಮಿದುಳಿನ ಒಂದು ಭಾಗ ಚುರುಕಾದಾಗ ಅಲ್ಲಿ ರಕ್ತದ ಹರಿವು, ಆಮ್ಲಜನಕದ ಪ್ರಮಾಣ ಬದಲಾಗುತ್ತದೆ. ಎಫ್‌ಎಂಆರ್‌ಐ ಎಂಬ ಎಂಆರ್‌ಐ ವಿಧಾನ ಆ ಬದಲಾವಣೆಯನ್ನು ಎರಡು ಸೆಕೆಂಡಿಗೊಮ್ಮೆ ಅಥವಾ ಅದಕ್ಕೂ ಬೇಗ ಅಳೆಯುತ್ತದೆ. ಎರಡು ಭಾಗಗಳ ಏರಿಳಿತ ಒಟ್ಟೊಟ್ಟಿಗೆ ಸಾಗಿದರೆ ಅವುಗಳ ನಡುವೆ 'ಕನೆಕ್ಟಿವಿಟಿ' ಇದೆ ಎನ್ನುತ್ತೇವೆ. ಅಂದರೆ ನಾವು ಅಳೆಯುವುದು ನೀವು ಕಲಿಸುವ ಸಹಸಂಬಂಧವನ್ನೇ. ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಮಿಠಾಯಿ ಅಂಗಡಿ, ಧಾರವಾಡದ ಸುಭಾಸ ರೋಡಿನ ಒಂದು ಮಿಠಾಯಿ ಅಂಗಡಿ, ಎರಡರ ಗಲ್ಲೆಯೂ ಚೌತಿಗೆ ಏರಿ ಪಿತೃಪಕ್ಷದಲ್ಲಿ ಇಳಿಯಬಹುದು. ಹಾಗಂತ ಇಬ್ಬರು ಮಾಲಕರು ದಿನಾ ಫೋನಿನಲ್ಲಿ ಮಾತಾಡುತ್ತಾರೆ ಎಂದು ಹೇಳಲಾಗದು. ಮಾತಾಡುತ್ತಲೂ ಇರಬಹುದು, ಅದನ್ನು ಬೇರೆ ರೀತಿಯಲ್ಲಿ ತೋರಿಸಬೇಕು.

ಈ ದಾರಿ ತೆರೆದದ್ದು 1995ರಲ್ಲಿ. ಭರತ್ ಬಿಸ್ವಾಲ್ ಆಗ ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿ ಪಿಎಚ್.ಡಿ. ವಿದ್ಯಾರ್ಥಿ. ಬೆರಳು ಆಡಿಸುವಾಗ ಚುರುಕಾಗುವ ಭಾಗವನ್ನು ಮೊದಲು ಗುರುತು ಮಾಡಿಕೊಂಡರು. ಆಮೇಲೆ ಬೆರಳನ್ನೇ ಆಡಿಸದೆ ಸುಮ್ಮನೆ ಮಲಗಿದ್ದವರಲ್ಲೂ ಎಡ ಬಲ ಎರಡೂ ಕಡೆಯ ಆ ಭಾಗಗಳ ಏರಿಳಿತ ಒಂದೇ ತಾಳದಲ್ಲಿ ಇರುವುದನ್ನು ಕಂಡರು. ಮೊದಲ ಕೆಲವು ವರ್ಷ ಬಹಳ ಜನ ನಂಬಲಿಲ್ಲ. ಅದು ಉಸಿರಾಟದ್ದೋ ಹೃದಯ ಬಡಿತದ್ದೋ ಗದ್ದಲ ಎಂದರು. ಈಗ ಆ ಒಂದು ಪೇಪರನ್ನು ಉಲ್ಲೇಖಿಸದೆ ಈ ಕ್ಷೇತ್ರದ ಇತಿಹಾಸ ಬರೆಯಲಾಗದು. ಅದು ಬಂದಾಗ ಬಿಸ್ವಾಲ್ ಅವರ ಎಚ್-ಇಂಡೆಕ್ಸ್ ನೋಡಿ ತೂಗಿದ್ದರೆ ಏನಾಗುತ್ತಿತ್ತು? ಎಚ್-ಇಂಡೆಕ್ಸ್ ಎಂಬುದೇ ಆಗ ಇರಲಿಲ್ಲ ಅನ್ನಿ. ಹಿರ್ಶ್ ಎಂಬ ಭೌತವಿಜ್ಞಾನಿ ಅದನ್ನು ಮುಂದಿಟ್ಟದ್ದು 2005ರಲ್ಲಿ.

ಈಗ ತೇವದ ವಿಷಯ. ಬಹಳ ಲ್ಯಾಬುಗಳು ಬಳಸುವ ಒಂದು ನಕ್ಷೆಯಲ್ಲಿ ದೊಡ್ಡ ಮಿದುಳು 90 ಭಾಗವಾಗಿದೆ. ಎರಡೆರಡರ ಜೋಡಿ ಎಷ್ಟು? 90 ಗುಣಿಸು 89, ಭಾಗಿಸು 2: ಒಟ್ಟು 4,005. ಮೂವತ್ತು ಜನ ರೋಗಿಗಳು, ಮೂವತ್ತು ಜನ ಆರೋಗ್ಯವಂತರು, ಎರಡು ಗುಂಪಿನ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲ ಎಂದೇ ಇಟ್ಟುಕೊಳ್ಳಿ. ನೂರಕ್ಕೆ ಐದರ ಮಾಮೂಲು ಗೆರೆ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ತಪ್ಪು ನೂರಕ್ಕೆ ಐದು ಸಲ ಆದರೂ ನಡೆದೀತು ಎಂಬ ಮಿತಿ) ಹಾಕಿ ಎಲ್ಲ ಜೋಡಿಗಳನ್ನೂ ಹೋಲಿಸಿದರೆ ಸುಮಾರು 200 ಜೋಡಿಗಳಲ್ಲಿ 'ವ್ಯತ್ಯಾಸ' ಕಾಣುತ್ತದೆ. ಸುಮ್ಮನೆ, ಪಗಡೆ ಬಿದ್ದ ಹಾಗೆ. ಇದನ್ನು ತಿದ್ದುವ ವಿಧಾನಗಳು ಇವೆ, ಒಳ್ಳೆಯ ಲ್ಯಾಬುಗಳು ಬಳಸುತ್ತವೆ. ಬಳಸದವರಿಗೆ 200 ಪೇಪರಿಗೆ ಆಗುವಷ್ಟು ಸರಕು ಒಂದೇ ಡೇಟಾದಲ್ಲಿ ಸಿಕ್ಕಿತು. ಈ ಸಲ 90 ಭಾಗದ ನಕ್ಷೆ, ಮುಂದಿನ ಸಲ 264 ಭಾಗದ್ದು. ಒಮ್ಮೆ ಗ್ರಾಫ್ ಸಿದ್ಧಾಂತ, ಒಮ್ಮೆ ಮಷೀನ್ ಲರ್ನಿಂಗ್. ಮಲಗಿದ್ದವರು ಮಾತ್ರ ಅದೇ ಅರವತ್ತು ಜನ. ಒಂದು ಜೋಳದ ರೊಟ್ಟಿಯನ್ನು ಎಂಟು ಚೂರು ಮಾಡಿ ಎಂಟು ರೊಟ್ಟಿ ಎಂದು ಲೆಕ್ಕ ಬರೆಸಿದಂತೆ.

ಒಂದೇ ಡೇಟಾದಿಂದ ಹಲವು ಪೇಪರ್ ಬಂದರೆಲ್ಲ ಮೋಸ ಎಂದು ಇದರ ಅರ್ಥವಲ್ಲ. 2010ರಲ್ಲಿ ಅದೇ ಬಿಸ್ವಾಲ್ ಮೊದಲ ಲೇಖಕರಾಗಿ 35 ಕೇಂದ್ರಗಳ 1,414 ಸ್ವಯಂಸೇವಕರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿದ ಪೇಪರ್ ಬಂತು. ಆ ಡೇಟಾ ಎಲ್ಲರಿಗೂ ಮುಕ್ತ. 2012ರಲ್ಲಿ ಆಟಿಸಂ ಮೇಲಿನ 'ಅಬೈಡ್' ಸಂಗ್ರಹ ಬಂತು, 1,112 ಜನರದ್ದು. ಇಂಥ ಡೇಟಾ ಮೇಲೆ ಜಗತ್ತಿನಾದ್ಯಂತ ಕೆಲಸ ನಡೆದಿದೆ, ನಡೆಯಲೇಬೇಕು. ಸ್ವಂತ ಸ್ಕ್ಯಾನರ್ ಇಲ್ಲದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ನೋಡಬೇಕಾದದ್ದು ಇಷ್ಟೇ: ಪ್ರತಿ ಪೇಪರಿನಲ್ಲಿ ಹೊಸ ಪ್ರಶ್ನೆ ಇದೆಯೋ ಅಥವಾ ಹಳೆಯ ಪ್ರಶ್ನೆಗೆ ಹೊಸ ಅಂಗಿ ತೊಡಿಸಿದ್ದಾರೋ.

ಲೆಕ್ಚರರ್ ಹೇಳಿದ 'ಅರ್ಧಕ್ಕರ್ಧ ಸುಳ್ಳು' ಮಾತಿಗೆ ಬರುತ್ತೇನೆ. ಅದರಲ್ಲಿ ಸ್ವಲ್ಪ ನಿಜ ಇದೆ, ಮತ್ತು ಆ ನಿಜದಲ್ಲೇ ಗೈಡ್ ಆಯ್ಕೆಯ ಕೀಲಿ ಇದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಎಂಟು ವರ್ಷದ ಒಬ್ಬ ಹುಡುಗನನ್ನು ಸ್ಕ್ಯಾನರಿನಲ್ಲಿ ಮಲಗಿಸುತ್ತೇವೆ. ತಲೆಯ ಎರಡೂ ಬದಿಗೆ ಸ್ಪಂಜು ತುಂಬಿ, ಕಿವಿಗೆ ಬೂಚು ಹಾಕಿ, "ಗೊಂಬಿ ಹಂಗ ಮಲಕೋಬೇಕು ನೋಡಪಾ" ಎಂದು ಹೇಳಿ ಗಾಜಿನ ಈಚೆ ಬಂದು ಕೂರುತ್ತೇವೆ. ಪರದೆಯ ಮೇಲೆ ತಲೆಯ ಚಲನೆಯ ಆರು ಗೆರೆ ಓಡುತ್ತಿರುತ್ತವೆ: ಮೂರು ಸರಿಯುವುದಕ್ಕೆ, ಮೂರು ಹೊರಳುವುದಕ್ಕೆ. ಮೊದಲ ಮೂರು ನಿಮಿಷ ಗೆರೆಗಳು ನೀರಿನ ಹಾಗೆ ಸಮ. ನಾಲ್ಕನೆಯ ನಿಮಿಷಕ್ಕೆ ಹುಡುಗ ಉಗುಳು ನುಂಗುತ್ತಾನೆ. ಮೂರು ಗೆರೆ ಟಕ್ಕನೆ ಮೇಲೆ ಹಾರುತ್ತವೆ. ಆಮೇಲೆ ಕಾಲ ಹೆಬ್ಬೆರಳು ತುರಿಸುತ್ತದೆ, ಕಾಲು ಎಳೆದುಕೊಳ್ಳುತ್ತಾನೆ, ತಲೆ ಅರ್ಧ ಮಿಲಿಮೀಟರ್ ಕೆಳಗೆ ಜಾರುತ್ತದೆ. ಹೊರಗೆ ಬಂದ ಮೇಲೆ ಕೇಳಿದರೆ "ನಾ ಅಳ್ಳಾಡೇ ಇಲ್ರೀ" ಅನ್ನುತ್ತಾನೆ. ಅವನ ಮಟ್ಟಿಗೆ ಅದು ನಿಜ ಕೂಡ.

ಬಹಳ ವರ್ಷ ನಾವೆಲ್ಲ ಆ ಅರ್ಧ ಮಿಲಿಮೀಟರನ್ನು ಅಷ್ಟು ಲೆಕ್ಕಕ್ಕೆ ಹಿಡಿಯಲಿಲ್ಲ. ಕಂಪ್ಯೂಟರ್ ಚಿತ್ರಗಳನ್ನು ಜೋಡಿಸಿ ಸರಿಮಾಡುತ್ತದೆ, ಮುಗಿಯಿತು ಎಂದುಕೊಂಡೆವು. 2012ರಲ್ಲಿ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಒಂದು ಪೇಪರ್ ಬಂತು. ಮೊದಲ ಲೇಖಕ ಜೊನಾಥನ್ ಪವರ್, ಆಗಿನ್ನೂ ವಿದ್ಯಾರ್ಥಿ. ಕೊನೆಯ ಲೇಖಕ ಲ್ಯಾಬಿನ ಹಿರಿಯ ಸ್ಟೀವನ್ ಪೀಟರ್ಸನ್. ಅವರು ತೋರಿಸಿದ್ದು ಇದು: ತಲೆಯ ಸಣ್ಣ ಅಲುಗಾಟವೂ ಸುಳ್ಳು ಸಂಪರ್ಕಗಳನ್ನು ಹುಟ್ಟಿಸುತ್ತದೆ, ಅದೂ ಬೇಕಾಬಿಟ್ಟಿಯಾಗಿ ಅಲ್ಲ, ಒಂದು ಕ್ರಮದಲ್ಲಿ. ಹತ್ತಿರದ ಭಾಗಗಳ ನಡುವಿನ ಸಂಪರ್ಕ ಹೆಚ್ಚಾದಂತೆ, ದೂರದ್ದು ಕಡಿಮೆಯಾದಂತೆ ಕಾಣುತ್ತದೆ. ಸಂಜೆ ಊರಲ್ಲಿ ಕರೆಂಟ್ ಹೋದಾಗ ಒಂದು ಓಣಿಯ ಅಂಗಡಿಗಳೆಲ್ಲ ಒಟ್ಟಿಗೆ ಕತ್ತಲಾಗುತ್ತವಲ್ಲ, ದೂರದಿಂದ ನೋಡಿದವನಿಗೆ ಆ ಅಂಗಡಿಯವರೆಲ್ಲ ಮಾತಾಡಿಕೊಂಡು ದೀಪ ಆರಿಸಿದಂತೆ ಅನಿಸಬಹುದು. ಹಾಗೆ.

ಈಗ ತೊಡಕು ನೋಡಿ. ದೊಡ್ಡವರಿಗಿಂತ ಮಕ್ಕಳು ಹೆಚ್ಚು ಅಲುಗಾಡುತ್ತಾರೆ. ಆರೋಗ್ಯವಂತರಿಗಿಂತ ರೋಗಿಗಳು ಹೆಚ್ಚು ಅಲುಗಾಡುತ್ತಾರೆ. ಹಾಗಾದರೆ 'ಮಕ್ಕಳ ಮಿದುಳಿನಲ್ಲಿ ದೂರದ ಸಂಪರ್ಕ ದುರ್ಬಲ, ಬೆಳೆಯುತ್ತ ಗಟ್ಟಿಯಾಗುತ್ತದೆ' ಎಂದು ಬರೆದದ್ದರಲ್ಲಿ ಬೆಳವಣಿಗೆ ಎಷ್ಟು, ಅಲುಗಾಟ ಎಷ್ಟು? ಅಂಥ ಪೇಪರುಗಳನ್ನು ಪ್ರಕಟಿಸಿದವರಲ್ಲಿ ಇದೇ ಗುಂಪೂ ಇತ್ತು. ತಮ್ಮದೇ ಹಿಂದಿನ ತೀರ್ಮಾನಗಳು ಸಡಿಲವಾಗುತ್ತವೆ ಎಂದು ಗೊತ್ತಿದ್ದೂ ಒಬ್ಬ ವಿದ್ಯಾರ್ಥಿಯ ಹೆಸರನ್ನು ಮುಂದಿಟ್ಟು ಪ್ರಕಟಿಸಿದರು. ನನಗೂ ಆ ಪೇಪರ್ ಓದಿದ ದಿನ ನನ್ನ ಹಳೆಯ ಫೈಲುಗಳನ್ನು ತೆಗೆದು ನೋಡಲು ಧೈರ್ಯ ಬರಲು ವಾರವೇ ಬೇಕಾಯಿತು. ನೋಡಿದ ಮೇಲೆ ಕೆಲವು ಮಕ್ಕಳ ಡೇಟಾವನ್ನು ಪೂರ್ತಿ ಕೈಬಿಟ್ಟೆ.

ಇನ್ನೊಂದು ಕತೆ ನಿಮಗೆ ನಗು ತರಿಸೀತು. 2011ರಲ್ಲಿ ಎಡಿಎಚ್‌ಡಿ-200 ಎಂಬ ಸ್ಪರ್ಧೆ ನಡೆಯಿತು (ಎಡಿಎಚ್‌ಡಿ ಎಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ): ಮಕ್ಕಳ ಮಿದುಳಿನ ಸ್ಕ್ಯಾನ್ ನೋಡಿ ಯಾರಿಗೆ ಆ ತೊಂದರೆ ಇದೆ ಎಂದು ಕಂಪ್ಯೂಟರ್ ಹೇಳಬೇಕು. ಎಲ್ಲರಿಗಿಂತ ಹೆಚ್ಚು ಸರಿಯುತ್ತರ ಬಂದದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡದ್ದು. ಅವರ ಲೆಕ್ಕದಲ್ಲಿ ಮಿದುಳಿನ ಚಿತ್ರವೇ ಇರಲಿಲ್ಲ! ವಯಸ್ಸು, ಗಂಡೋ ಹೆಣ್ಣೋ, ಐಕ್ಯೂ, ಎಡಗೈಯೋ ಬಲಗೈಯೋ ಇಂಥವುಗಳಿಂದಲೇ ಸುಮಾರು 62 ಶೇಕಡಾ ಸರಿ ಹೇಳಿದ್ದರು. ಸ್ಪರ್ಧೆಯ ನಿಯಮಕ್ಕೆ ಸ್ಕ್ಯಾನ್ ಬೇಕಿತ್ತಾದ್ದರಿಂದ ಬಹುಮಾನ ಬೇರೆಯವರಿಗೆ ಹೋಯಿತು.

2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸುಮಾರು 50,000 ಜನರ ಡೇಟಾ ಇಟ್ಟುಕೊಂಡು ಇನ್ನೊಂದು ತಂಡ ತೋರಿಸಿತು: ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಬುದ್ಧಿ, ಸ್ವಭಾವಗಳ ವ್ಯತ್ಯಾಸವನ್ನು ಮಿದುಳಿನ ವ್ಯತ್ಯಾಸಕ್ಕೆ ಜೋಡಿಸಬೇಕಾದರೆ ಸಾವಿರಾರು ಜನ ಬೇಕು, ಇಪ್ಪತ್ತು ಮೂವತ್ತು ಸಾಲದು. ಇದನ್ನು ಅರ್ಧ ಓದಿದವರು 'ಸಣ್ಣ ಅಧ್ಯಯನವೆಲ್ಲ ಸುಳ್ಳು' ಎಂದು ಡಂಗುರ ಹೊಡೆದರು. ನಿಮ್ಮ ಲೆಕ್ಚರರ್ ಕೇಳಿಸಿಕೊಂಡದ್ದು ಆ ಡಂಗುರ ಇರಬೇಕು. ಆದರೆ 2017ರಲ್ಲಿ ಕೇವಲ ಹತ್ತೇ ಜನರ ಮೇಲೆ ಮಾಡಿದ ಕೆಲಸ ಈ ಕ್ಷೇತ್ರದಲ್ಲಿ ಬಹಳ ಗೌರವ ಪಡೆದಿದೆ. ಸ್ಕ್ಯಾನರ್ ಬಾಡಿಗೆ ರಾತ್ರಿ ಕಡಿಮೆ ಎಂದು ಮಧ್ಯರಾತ್ರಿಗೆ ಶುರುಮಾಡಿ, ಸುಮ್ಮನೆ ಮಲಗಿದ ಸ್ಥಿತಿಯದ್ದೇ ಒಬ್ಬೊಬ್ಬರದು ಐದು ಗಂಟೆಯಷ್ಟು ಡೇಟಾ ಕೂಡಿಸಿದರು. ಹೆಸರೂ 'ಮಿಡ್‌ನೈಟ್ ಸ್ಕ್ಯಾನ್ ಕ್ಲಬ್'. ಅವರ ಪ್ರಶ್ನೆ ಬೇರೆ: ಒಬ್ಬನೇ ಮನುಷ್ಯನ ಮಿದುಳಿನ ನಕ್ಷೆಯನ್ನು ಎಷ್ಟು ಖಚಿತವಾಗಿ ಬರೆಯಬಹುದು? ಅದಕ್ಕೆ ಹತ್ತು ಜನ ಸಾಕು, ಆದರೆ ಆರು ನಿಮಿಷದ ಸ್ಕ್ಯಾನ್ ಸಾಲದು. ಎಷ್ಟು ಜನ ಬೇಕು ಎನ್ನುವುದನ್ನು ಪ್ರಶ್ನೆ ನಿರ್ಧರಿಸಬೇಕು.

ಆದ್ದರಿಂದ ಲೆಕ್ಚರರಿಗೆ ನನ್ನ ಉತ್ತರ: ಈ ಕ್ಷೇತ್ರ ತನ್ನ ತಪ್ಪನ್ನು ತಾನೇ ಹಿಡಿದು ಬಹಿರಂಗವಾಗಿ ಬರೆದುಕೊಂಡಿದೆ. ಮಗಳಿಗೆ ನನ್ನ ಸಲಹೆ: ಇಬ್ಬರು ಗೈಡುಗಳ ಪಟ್ಟಿಯಲ್ಲಿ 2012ರ ಸುತ್ತ ಒಂದು ಗೆರೆ ಎಳೆಯಲಿ. ದೊಡ್ಡ ಲ್ಯಾಬಿನವರ ಹಳೆಯ ಎರಡು ಪೇಪರ್, ಈಚಿನ ಎರಡು ಪೇಪರ್ ತೆಗೆದು, ವಿಧಾನ ವಿವರಿಸುವ ಭಾಗದಲ್ಲಿ ತಲೆಯ ಚಲನೆಯ ಬಗ್ಗೆ ಏನು ಬರೆದಿದ್ದಾರೆ ಎಂದು ಮಾತ್ರ ನೋಡಲಿ. ಹಳೆಯದರಲ್ಲಿ ಒಂದು ಸಾಲು ಇದ್ದರೆ ತಪ್ಪಿಲ್ಲ, ಆಗ ಎಲ್ಲರೂ ಹಾಗೆಯೇ ಬರೆಯುತ್ತಿದ್ದೆವು. ಈಚಿನದರಲ್ಲೂ ಅದೇ ಒಂದು ಸಾಲು ಇದ್ದರೆ ಚೀಲದ ನಡುವಿನ ಕಾಯಿಗೆ ತೇವ ಇದೆ ಎಂದೇ ಲೆಕ್ಕ. ಎಷ್ಟು ಜನರನ್ನು ಸ್ಕ್ಯಾನ್ ಮಾಡಿದೆವು, ಎಷ್ಟು ಜನರದ್ದನ್ನು ಯಾಕೆ ಬಿಟ್ಟೆವು, ಎರಡು ಗುಂಪುಗಳ ಅಲುಗಾಟ ಸಮ ಇತ್ತೇ ಎಂದು ಬರೆದಿದ್ದರೆ ಆ ಲ್ಯಾಬಿನಲ್ಲಿ ಯಾರೋ ಒಬ್ಬರು ನಿದ್ದೆಗೆಟ್ಟಿದ್ದಾರೆ. ಕಿರಿಯ ಗೈಡ್ ಬಹುಶಃ 2012ರ ನಂತರವೇ ಈ ಕೆಲಸಕ್ಕೆ ಬಂದಿರಬೇಕು. ಅವರ 24ರಲ್ಲಿ ಈ ಎಚ್ಚರ ಕಾಣದಿದ್ದರೆ ಅವರಿಗೆ ರಿಯಾಯಿತಿ ಕೊಡಬೇಡಿ.

ಪೂರ್ತಿ ಪೇಪರ್ ಓದಲು ದುಡ್ಡು ಕೊಡಬೇಕಾದೀತು ಎಂಬ ಚಿಂತೆ ಬೇಡ. 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಎಂಬ ಕೇಂದ್ರ ಸರಕಾರದ ಯೋಜನೆ ಬಂದ ಮೇಲೆ ಸರಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ಧಾರವಾಡದಲ್ಲಿ ಓದುತ್ತಿರುವ ಯಾರಾದರೂ ಗೆಳತಿಯ ಜೊತೆ ಲೈಬ್ರರಿಗೆ ಹೋಗಿ ಕೂತರೆ ಒಂದು ದಿನದ ಕೆಲಸ.

ಹೆಸರುಗಳ ಕ್ರಮ ನೋಡುವುದನ್ನೂ ಕಲಿಯಲಿ. ನಿಮ್ಮ ಗಣಿತದಲ್ಲಿ ಲೇಖಕರ ಹೆಸರು ಸಾಮಾನ್ಯವಾಗಿ ಅಕ್ಷರಮಾಲೆಯ ಕ್ರಮದಲ್ಲಿ ಇರುತ್ತದೆ, ಇಲ್ಲಿ ಹಾಗಿಲ್ಲ. ಮೊದಲ ಹೆಸರು ಕೈಕೆಸರು ಮಾಡಿಕೊಂಡವರದ್ದು, ಸಾಮಾನ್ಯವಾಗಿ ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿ ಲ್ಯಾಬಿನಲ್ಲಿ ಕೆಲಸ ಮಾಡುವವರು). ಕೊನೆಯ ಹೆಸರು ಲ್ಯಾಬ್ ನಡೆಸುವವರದ್ದು. ನಡುವಿನವರಲ್ಲಿ ಡೇಟಾ ಕೊಟ್ಟವರು, ಲೆಕ್ಕ ಮಾಡಿದವರು, ಸ್ಕ್ಯಾನರ್ ನೋಡಿಕೊಂಡವರು, ಮತ್ತು (ಬರೆಯಲು ಸಂಕೋಚ, ಆದರೂ) ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ ಸೇರಿದವರೂ ಇರುತ್ತಾರೆ. 210ರಲ್ಲಿ ಆ ಗೈಡ್ ಕೊನೆಯ ಹೆಸರಾಗಿರುವುದು ಎಷ್ಟು? ನೂರು ಲೇಖಕರ ಅಂತರರಾಷ್ಟ್ರೀಯ ಕೂಟಗಳಲ್ಲಿ ಐವತ್ತೇಳನೆಯವರಾಗಿರುವುದು ಎಷ್ಟು? ಕೂಟದ ಪೇಪರು ಕೆಟ್ಟದ್ದಲ್ಲ, ಬಹಳ ಸಲ ಅದೇ ಗಟ್ಟಿ ಕೆಲಸ. ಆದರೆ ಅದು ನಿಮ್ಮ ಮಗಳಿಗೆ ಗೈಡ್ ಹೇಗೆ ಕಲಿಸುತ್ತಾರೆ ಎಂದು ಹೇಳುವುದಿಲ್ಲ, ಎಚ್-ಇಂಡೆಕ್ಸನ್ನು ಮಾತ್ರ ಉಬ್ಬಿಸುತ್ತದೆ. 41 ಎಂದರೆ ತಲಾ ಕನಿಷ್ಠ 41 ಸಲ ಉಲ್ಲೇಖವಾದ 41 ಪೇಪರುಗಳಿವೆ ಎಂದು ಅರ್ಥ. ವಯಸ್ಸಾದಂತೆ ಅದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ತಪ್ಪು ಎಂದು ತೋರಿಸಲು ಉಲ್ಲೇಖಿಸಿದರೂ ಒಂದು ಉಲ್ಲೇಖವೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಬೇರೆ ಇದೆ: ಮೊದಲ ಲೇಖಕರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ವಿದ್ಯಾರ್ಥಿಗಳ ಹೆಸರು ಬದಲಾಗುತ್ತ ಹೋಗಿದೆಯೇ? ಒಂದು ಹೆಸರು ಎರಡು ಮೂರು ಸಲ ಬಂದು, ಆಮೇಲೆ ಆ ವ್ಯಕ್ತಿ ಬೇರೆ ಕಡೆ ಸ್ವಂತ ಕೆಲಸದಲ್ಲಿ ಕಾಣಿಸುತ್ತಾರೆಯೇ? ಅಥವಾ ಒಂದೊಂದು ಹೆಸರು ಒಮ್ಮೆ ಮಿಂಚಿ ಮಾಯವಾಗಿದೆಯೇ? ಗೈಡಿನ ಹೆಸರೇ ಎಲ್ಲ ಕಡೆ ಮೊದಲಿದ್ದು ವಿದ್ಯಾರ್ಥಿಗಳು ನಡುವೆ ಅಡಗಿದ್ದರೆ ನಾನಂತೂ ನನ್ನ ಮಗಳನ್ನು ಅಲ್ಲಿಗೆ ಕಳಿಸುತ್ತಿರಲಿಲ್ಲ.

ಗೂಗಲ್ ಸ್ಕಾಲರಿನ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ನಮ್ಮ ಕಡೆ ಪಾಟೀಲ, ಹಿರೇಮಠ, ಕುಲಕರ್ಣಿ ಎಷ್ಟು ಜನ! ಇನಿಶಿಯಲ್ ಒಂದೇ ಆದರೆ ಮಣ್ಣು ಪರೀಕ್ಷೆಯ ಪೇಪರೂ ಮಿದುಳಿನ ಪೇಪರೂ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತವೆ. ಮುದ್ರಣಕ್ಕೆ ಮೊದಲಿನ ಕರಡು, ಸಮ್ಮೇಳನದ ಸಾರಾಂಶ, ಎಲ್ಲವೂ ಎಣಿಕೆಗೆ ಸೇರುತ್ತವೆ. ಆರ್ಕಿಡ್ ಎಂಬ 16 ಅಂಕಿಯ ಗುರುತು ಇದಕ್ಕಾಗಿಯೇ ಇದೆ. ಮಗಳು ಅದನ್ನು ಈಗಲೇ ಮಾಡಿಸಿಕೊಳ್ಳಲಿ, ಉಚಿತ.

ಈಗ ನೀವು ಬರೆಯದಿದ್ದರೂ ಮನಸ್ಸಿನಲ್ಲಿ ಇರುವ ಪ್ರಶ್ನೆ: ಪೇಪರ್ ಕಡಿಮೆಯಾದರೆ ನಾಳೆ ನೌಕರಿ? ಸಂಖ್ಯೆಗೆ ಬೆಲೆಯೇ ಇಲ್ಲ ಎಂದು ಹೇಳಿದರೆ ಸುಳ್ಳಾದೀತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂದು ಅಂಕ ಹಾಕುವಾಗ ಒಂದು ಪೇಪರಿಗೆ 2 ಅಂಕ. ಆದರೆ ಒಟ್ಟು ಮಿತಿ 10. ಅಂದರೆ ಐದು ಪೇಪರಿಗೆ ಕೋಟಾ ಭರ್ತಿ. ಆರನೆಯದಕ್ಕೂ ಅರವತ್ತನೆಯದಕ್ಕೂ ಸೊನ್ನೆ. ಅದೇ ಪಟ್ಟಿಯಲ್ಲಿ ಪಿಎಚ್.ಡಿ.ಗೆ 30 ಅಂಕ. 2025ರ ಜನವರಿಯಲ್ಲಿ ಹೊಸ ಕರಡು ನಿಯಮ ಹೊರಟಿತ್ತು, ಆದ್ದರಿಂದ ಲೆಕ್ಕ ಬದಲಾಗಬಹುದು. ಐದು ವರ್ಷದಲ್ಲಿ ಮೂರು ನಾಲ್ಕು ಗಟ್ಟಿ ಪೇಪರ್ ಇಬ್ಬರಲ್ಲಿ ಯಾರ ಬಳಿಯಾದರೂ ಆಗುವ ಮಾತು.

ದುಡ್ಡಿಗೆ ಪೇಪರ್ ಮಾಡಿಸಿಕೊಡುವವರು ಬದುಕಿರುವುದೇ ಈ ಭಯದ ಮೇಲೆ. ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನವೆಂಬರಿನ ನಿಯಮದಲ್ಲಿ ಕೈಬಿಟ್ಟಿದೆ; ಸೇರುವ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿದೆಯೇ ಎಂದು ಕೇಳಿಕೊಂಡರೆ ಸಾಕು. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿದರು. 'ಕೇರ್ ಲಿಸ್ಟಿನಾಗ ಐತ್ರಿ' ಎಂಬ ಮಾತಿಗೆ ಈಗ ಕಿಮ್ಮತ್ತಿಲ್ಲ. ಒಳ್ಳೆಯ ಜರ್ನಲ್‌ಗಳೂ ಶುಲ್ಕ ಕೇಳುತ್ತವೆ ನಿಜ. ಈ ಕ್ಷೇತ್ರದ ಹೆಸರುವಾಸಿ ಜರ್ನಲ್ ಒಂದರ ಶುಲ್ಕ 3,450 ಡಾಲರ್‌ಗೆ ಏರಿದ್ದನ್ನು ಪ್ರತಿಭಟಿಸಿ 2023ರಲ್ಲಿ ಅದರ 40ಕ್ಕೂ ಹೆಚ್ಚು ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟು ಬೇರೆ ಜರ್ನಲ್ ಕಟ್ಟಿದರು. ಆದರೆ ಅಲ್ಲಿ ಶುಲ್ಕ ಕೊಡಲು ಸಿದ್ಧರಿದ್ದರೂ ಪರೀಕ್ಷಕರು ತಿರಸ್ಕರಿಸಬಹುದು. ವಾರದಲ್ಲಿ ಒಪ್ಪಿಗೆ ಗ್ಯಾರಂಟಿ, ಬರೆಯುವವರೂ ನಾವೇ ಎಂದರೆ ಅದು ಖರೀದಿ. ಆ ಪೇಪರ್ ಅವಳ ಹೆಸರಿನ ಪಕ್ಕದಲ್ಲಿ ಕೊನೆತನಕ ಉಳಿಯುತ್ತದೆ. ಆಯ್ಕೆ ಸಮಿತಿಯಲ್ಲಿ ನಾನು ಅಂಥದ್ದೊಂದನ್ನು ಕಂಡಾಗ ಅಭ್ಯರ್ಥಿಗೆ ಕೇಳಿದ ಮೊದಲ ಪ್ರಶ್ನೆ ಅದರ ಮೇಲೆಯೇ. ಪಾಪ, ಅವನಿಗೆ ತನ್ನದೇ ಪೇಪರಿನ ಶೀರ್ಷಿಕೆ ಪೂರ್ತಿ ನೆನಪಿರಲಿಲ್ಲ.

ಇನ್ನು ಆಯ್ಕೆ. ದೊಡ್ಡ ಲ್ಯಾಬಿಗೆ ಹೋದರೆ ಡೇಟಾ ಸಿದ್ಧ, ಕಂಪ್ಯೂಟರ್ ಸಿದ್ಧ, ಕಲಿಸಲು ಹಿರಿಯ ವಿದ್ಯಾರ್ಥಿಗಳಿದ್ದಾರೆ, ಗೈಡಿನ ಒಂದು ಪತ್ರಕ್ಕೆ ಹೊರದೇಶದಲ್ಲಿ ಬಾಗಿಲು ತೆರೆಯುತ್ತದೆ. ಅಪಾಯ ಏನೆಂದರೆ ಗೈಡ್ ಮುಖ ತಿಂಗಳಿಗೊಮ್ಮೆ ಕಂಡರೂ ಪುಣ್ಯ, ಪ್ರಶ್ನೆ ಅವಳದ್ದಾಗಿರದೆ ಲ್ಯಾಬಿನ ಉಳಿದ ತುಂಡಾಗಿರಬಹುದು. ಯುಜಿಸಿ ಪ್ರಕಾರ ಒಬ್ಬ ಪ್ರೊಫೆಸರ್ ಒಂದೇ ಕಾಲಕ್ಕೆ 8 ಪಿಎಚ್.ಡಿ. ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು, ಅಸಿಸ್ಟೆಂಟ್ ಪ್ರೊಫೆಸರ್ 4. ಇವಳು ಎಷ್ಟನೆಯವಳು ಎಂದು ಕೇಳಲಿ. ಕಿರಿಯ ಗೈಡ್ ಬಳಿ ದಿನಾ ಪಕ್ಕದಲ್ಲಿ ಕೂತು ಕಲಿಯಬಹುದು, ತಪ್ಪು ಅಲ್ಲಿಯೇ ಸಿಗುತ್ತದೆ. ಆದರೆ ಪ್ರಾಜೆಕ್ಟ್ ಹಣ ನಡುವೆ ನಿಂತರೆ, ಅವರೇ ಬೇರೆ ಊರಿಗೆ ಹೋದರೆ ಇವಳ ಗತಿ? ಜೆಆರ್‌ಎಫ್ ಇರುವುದರಿಂದ ಹೊಟ್ಟೆಪಾಡಿಗೆ ತೊಂದರೆ ಇಲ್ಲ. ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಒಟ್ಟು ಐದು ವರ್ಷ. ಸ್ಕ್ಯಾನರ್ ಸಮಯಕ್ಕೆ ಮಾತ್ರ ಯಾರು ದುಡ್ಡು ಕೊಡುತ್ತಾರೆ ಎಂದು ಕೇಳಲೇಬೇಕು. ಸ್ಕ್ಯಾನರ್ ಇಲ್ಲದೆ ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಸಂಕೇತ ಅಳೆಯುವ ವಿಧಾನ) ಮೇಲೆಯೇ ಕೆಲಸ ಎಂದರೆ ಮೂಗು ಮುರಿಯಬೇಡಿ, ಅದು ಅಗ್ಗ, ಸಮಯವನ್ನು ಮಿಲಿಸೆಕೆಂಡಿನಲ್ಲಿ ಹಿಡಿಯುತ್ತದೆ. ಅದರ ತೊಡಕು ಬೇರೆ: ಒಂದೇ ಮೂಲದ ಸಂಕೇತ ತಲೆಯ ಮೇಲಿನ ಹಲವು ತಂತಿಗಳಿಗೆ ಒಮ್ಮೆಗೇ ಹರಡಿ, ಅಲ್ಲೂ ಇಲ್ಲದ ಸಂಪರ್ಕ ಇದ್ದಂತೆ ಕಾಣುತ್ತದೆ. ಇದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದರೆ ಗೈಡಿನ ಆಳ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಾಗದದ ಮೇಲೆ ನೋಡಿ ಇಂಥವರೇ ಎಂದು ನಾನು ಹೇಳಲಾರೆ. ನನ್ನ ಒಲವು ಮುಚ್ಚಿಡುವುದೂ ಇಲ್ಲ: ಕಿರಿಯರ 24ರಲ್ಲಿ ವಿದ್ಯಾರ್ಥಿಗಳು ಮೊದಲ ಲೇಖಕರಾಗಿದ್ದು, ತಾವು ಬರೆದ ಕಂಪ್ಯೂಟರ್ ಕೋಡ್ ಎಲ್ಲರಿಗೂ ಸಿಗುವಂತೆ ಇಟ್ಟಿದ್ದು, ಬಿಟ್ಟ ಡೇಟಾದ ಲೆಕ್ಕ ಬರೆದಿದ್ದರೆ ಮಗಳ ಮನಸ್ಸಿನ ಜೊತೆ ಹೋಗಿ. ದೊಡ್ಡವರ ಈಚಿನ ಪೇಪರುಗಳಲ್ಲಿ ಅದೇ ಗುಣ ಕಂಡರೆ ಸೋದರಮಾವನವರು ತಪ್ಪು ಲೆಕ್ಕ ಹಾಕಿ ಸರಿಯುತ್ತರ ಬರೆದಿದ್ದಾರೆ ಎಂದುಕೊಳ್ಳಿ. ನಿಮ್ಮ ತರಗತಿಯಲ್ಲಿ ಅಂಥವರನ್ನು ಕಂಡೇ ಇರುತ್ತೀರಿ.

ಸಂದರ್ಶನಕ್ಕೆ ಹೋದಾಗ ಮಗಳು ಎರಡೂ ಕಡೆ ಒಂದೇ ಪ್ರಶ್ನೆ ಕೇಳಲಿ: "ನಿಮ್ಮ ಯಾವ ಹಳೆಯ ಪೇಪರನ್ನು ಈಗ ಬೇರೆ ರೀತಿ ಬರೆಯುತ್ತೀರಿ, ಸರ್?" ಹುಬ್ಬು ಗಂಟಿಕ್ಕಿದರೆ ಒಂದು ಉತ್ತರ, ಕುರ್ಚಿ ಹಿಂದೆ ಸರಿಸಿ, ನಕ್ಕು, ವರ್ಷದ ಸಮೇತ ಹೇಳಲು ಶುರುಮಾಡಿದರೆ ಇನ್ನೊಂದು ಉತ್ತರ. ಆಮೇಲೆ ಲ್ಯಾಬಿನ ಹುಡುಗರ ಜೊತೆ ಹೊರಗೆ ಹೋಗಿ ಚಹಾ ಕುಡಿಯಲಿ, ಗೈಡ್ ಇಲ್ಲದ ಕಡೆ. ನಡುವೆ ಬಿಟ್ಟುಹೋದವರು ಯಾರು, ಯಾಕೆ ಎಂದು ಕೇಳಲಿ.

ಆ 18,000 ರೂಪಾಯಿಗೆ ಅವಳ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಿ, ಒಂದು ದೊಡ್ಡ ಹಾರ್ಡ್ ಡಿಸ್ಕ್ ಕೊಡಿಸಿ. ಅಬೈಡ್ ಡೇಟಾ ಇಳಿಸಿಕೊಂಡು ಹತ್ತು ಜನರದ್ದಾದರೂ ತೆರೆದು, ಆ ಆರು ಗೆರೆಗಳನ್ನು ತಾನೇ ಬಿಡಿಸಿ ನೋಡಲಿ. ಸಂದರ್ಶನಕ್ಕೆ ಇನ್ನೂ ಎರಡು ವಾರ ಇದೆಯಲ್ಲ.